ಬಳಿ ಕೊಟ್ಟ ಮಗಳು

ನಾನು ಹೆತ್ತದ್ದು ಮೂರೂ ಗಂಡು. ಹೆಣ್ಣೊಂದು ಬೇಕೆಂದು ಆಸೆಪಟ್ಟ ಕಾಲವೂ ಇತ್ತು, ಆಮೇಲೆ ದೇವರು ಕೊಟ್ಟದ್ದೇ ಸಾಕು ಎಂದು ಸುಮ್ಮನಾಗಿದ್ದೆ. ಹೀಗಿರುವಾಗ ಒಂದು ಮಗಳು ಸಿಕ್ಕಿದಳು. ಬೆಳೆದು ದೊಡ್ಡವಳಾಗಿ, ಕಾಲೇಜು ಓದಿ, ಬರ್ಮಾ ದೇಶದಿಂದ ಬಂದವಳು. ಅವಳನ್ನು ಈ ಊರಿನಲ್ಲಿ ಉಳಿಸಿಕೊಂಡ ಕತೆ ಊರವರಿಗೆಲ್ಲ ಗೊತ್ತಿರುವುದೇ. ಅವರು ಅದನ್ನು ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ನಮ್ಮ ಮನೆ ಪೆರಾಬೆಯಲ್ಲಿ. ನಮ್ಮವರು ಕಡಬದಲ್ಲಿ ಬಸ್ಸಿನ ಏಜೆಂಟರಾಗಿದ್ದರು. ಬೆಳಗ್ಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವುದು. ಯಾರು ಯಾವ ಊರಿಗೆ ಹೋದರು, ಯಾರ ಮನೆಗೆ ನೆಂಟರು ಬಂದರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಅವರ ಹಳೆಯ ಸ್ನೇಹಿತರೊಬ್ಬರು ಕೊಲ್ಲಮೊಗ್ರಿನವರು. ಅವರ ಮಗ ಮದ್ರಾಸಿಗೆ ಹೋಗಿ ದನದ ಡಾಕ್ಟರಿಕೆ ಕಲಿತು ಸುಳ್ಯದ ದನದ ಆಸ್ಪತ್ರೆಗೆ ಬಂದಿದ್ದ. ಮನೆಯಲ್ಲಿ ಹೆಣ್ಣು ನೋಡಲು ಶುರುಮಾಡಿದಾಗ, ತನ್ನೊಟ್ಟಿಗೆ ಅದೇ ಕಾಲೇಜಿನಲ್ಲಿದ್ದ ಬರ್ಮಾದ ಹುಡುಗಿಯನ್ನಲ್ಲದೆ ಬೇರೆಯವಳನ್ನು ಮದುವೆಯಾಗುವುದಿಲ್ಲ ಎಂದುಬಿಟ್ಟನಂತೆ. ಅಪ್ಪ ಅಮ್ಮ ಅತ್ತದ್ದಾಯಿತು, ಬೈದದ್ದಾಯಿತು. ಕೊನೆಗೆ ಒಪ್ಪಿದರು. ಆದರೆ ಒಪ್ಪಿದ ಮೇಲೆ ಇನ್ನೊಂದು ತೊಡಕು.

ನಮ್ಮ ಗೌಡರಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಇದೆ. ಬಳಿ ಎಂದರೆ ಮೂಲದ ಕುಲ. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣತಂಗಿಯರ ಲೆಕ್ಕ, ಮದುವೆ ಆಗದು. ಬಳಿಯೇ ಇಲ್ಲದವಳಿಗಂತೂ ಧಾರೆ ಎರೆದುಕೊಡುವವರೇ ಇರುವುದಿಲ್ಲ. ಅಂಥ ಹೆಣ್ಣನ್ನು ಬೇರೆ ಬಳಿಯ ಗಂಡ ಹೆಂಡತಿ ಮಗಳಾಗಿ ತೆಗೆದುಕೊಂಡು, ತಮ್ಮ ಬಳಿ ಕೊಟ್ಟು, ಆಮೇಲೆ ಧಾರೆ ಎರೆಯಬೇಕು.

ಒಂದು ಸಂಜೆ ಇವರು ಬಂದವರು ಕೈಕಾಲು ತೊಳೆಯದೆ ಜಗಲಿಯಲ್ಲೇ ಕೂತರು. (ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಮಾತುಗಳನ್ನು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಒಂದು ವಿಷಯ ಉಂಟು. ನಮಗೊಂದು ಮಗಳಾದ್ರೆ ಹೇಗೆ?"

ನಾನು ಮೊರದಲ್ಲಿ ಅಕ್ಕಿ ಗೇರುತ್ತಿದ್ದೆ. "ಈ ಪ್ರಾಯದಲ್ಲಾ? ನಾಚಿಕೆ ಆಗುದಿಲ್ವಾ ನಿಮಗೆ?"

"ಹೆರುದೆಲ್ಲ ಬೇಡ ಮಾರಾಯ್ತಿ. ಹೆತ್ತು, ಸಾಕಿ, ಓದಿಸಿ ಎಲ್ಲ ಆಗಿದೆ. ಬಸ್ಸಿನಿಂದ ಇಳಿಯುದೊಂದು ಬಾಕಿ."

ಅವಳು ಬಸ್ಸಿನಿಂದ ಇಳಿದ ದಿನ ಕುಂಟೂರು ಕಡೆಯಿಂದೆಲ್ಲ ಹೆಂಗಸರು ನೋಡಲು ಬಂದಿದ್ದರು. ಬೆಳ್ಳಗೆ, ಸಣ್ಣ ಕಣ್ಣು, ಎಣ್ಣೆ ಹಾಕಿದಂತೆ ಹೊಳೆಯುವ ನೇರ ಕೂದಲು. ಹೆದರಿದ್ದಳು. ನನಗೂ ಹೆದರಿಕೆಯೇ. ಊರಗೌಡರು ಬಂದರು, ಅಂದರೆ ನಮ್ಮ ಜಾತಿಯ ಕಟ್ಟಳೆಗಳನ್ನು ನಡೆಸುವ ಹಿರಿಯರು. ದೀಪ ಹಚ್ಚಿ ನಮ್ಮಿಬ್ಬರನ್ನು ಚಾಪೆಯ ಮೇಲೆ ಕೂರಿಸಿ, ಅವಳನ್ನು ನನ್ನ ಮಡಿಲಿಗೆ ಕೊಟ್ಟರು. ಅಷ್ಟು ದೊಡ್ಡ ಹುಡುಗಿ, ಭಾರ ಬೀಳಬಾರದೆಂದು ಅರ್ಧ ನೆಲಕ್ಕೆ ಕೈಯೂರಿ ಕೂತಳು. ನಾನು ಅವಳ ಬಾಯಿಗೆ ಹಾಲು ಕೊಟ್ಟೆ.

"ಇನ್ನು ಯಾರು ಕೇಳಿದರೂ ಇವಳು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು," ಎಂದರು ಊರಗೌಡರು. "ಮೊದಲು ಎಲ್ಲಿದ್ದಳು, ಯಾರಿಗೆ ಹುಟ್ಟಿದಳು ಎನ್ನುವ ಮಾತು ಈ ದೀಪದ ಮುಂದೆ ಮುಗೀತು. ಅದನ್ನು ಮತ್ತೆ ಎತ್ತಲಿಕ್ಕಿಲ್ಲ. ಎತ್ತಿದ್ರೆ ಕೊಟ್ಟ ಬಳಿ ನಿಲ್ಲುದಿಲ್ಲ."

ನಾನು ದೀಪಕ್ಕೆ ಕೈಮುಗಿದು ಆಗಲಿ ಎಂದೆ. ಮುಂದಿನ ವಾರ ಧಾರೆ ಎರೆದೆವು. ಸ್ವಂತ ಮಗಳನ್ನು ಕೊಟ್ಟವರ ಹಾಗೆಯೇ ಇವರು ಆ ದಿನ ಊಟ ಮಾಡಲಿಲ್ಲ.

ಮದುವೆಯಾಯಿತು, ಆದರೆ ಅವಳು ಇಲ್ಲಿ ಇರುವುದು ಸರಕಾರ ಬಿಟ್ಟರೆ ಮಾತ್ರ ಎಂದು ನಮಗೆ ಗೊತ್ತಿರಲಿಲ್ಲ. ಅವಳಿಗೆ ಕೊಟ್ಟಿದ್ದದ್ದು ವಿದ್ಯಾರ್ಥಿ ವೀಸಾ. ಓದು ಮುಗಿದರೆ ವಾಪಸು ಹೋಗಬೇಕು. ಅಳಿಯ ಓಡಾಡಿ, ಇಲ್ಲಿಯವನನ್ನು ಮದುವೆಯಾದವಳು ಎಂಬ ಲೆಕ್ಕದಲ್ಲಿ ಕಾಯಂ ಇಲ್ಲೇ ಇರಲು ಅನುಮತಿ ಬೇಕೆಂದು ಅರ್ಜಿ ಹಾಕಿದ. ಮದುವೆ ಆದದ್ದು ನಿಜ ಎಂದು ಹೇಳಲು ಧಾರೆ ಎರೆದ ನಮ್ಮಿಬ್ಬರನ್ನು ಸಾಕ್ಷಿಯಾಗಿ ತೋರಿಸಿದ್ದ. ಅದೇ ವರ್ಷ ಬರ್ಮಾದಲ್ಲಿ ಸೈನ್ಯದವರ ಆಡಳಿತ ಬಂತು. ಈಗ ಅಲ್ಲಿಗೆ ಹೋದವರು ತಿರುಗಿ ಹೊರಗೆ ಬರುವುದು ಕಷ್ಟ ಎಂದು ಅವಳಿಗೆ ಗೆಳತಿಯರು ಹೇಳಿದ್ದರು. ಅದು ಸಾಲದು ಎಂಬಂತೆ ಚೀನದ ಯುದ್ಧ ಬಂತು. ಸುಳ್ಯದ ಪೇಟೆಯಲ್ಲಿ ಅವಳು ತರಕಾರಿಗೆ ಹೋದರೆ ಜನ ತಿರುಗಿ ನೋಡುತ್ತಿದ್ದರಂತೆ. ಅವಳು ಚೀನದವಳಲ್ಲ ಎಂದು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗುವುದು?

ನಾನು ದಿನಾ ದೀಪ ಹಚ್ಚುವಾಗ ಸುಬ್ರಹ್ಮಣ್ಯ ದೇವರನ್ನು ಬೇಡುತ್ತಿದ್ದೆ: ಹುಡುಗಿ ಇಲ್ಲೇ ಉಳಿಯುವ ಹಾಗೆ ಮಾಡು.

ಹೀಗಿರುವಾಗ ಒಂದು ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲರೊಬ್ಬರು ಸೈಕಲು ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬಂದರು. ಒಳ್ಳೆಯ ಮನುಷ್ಯ. ನಮ್ಮವರು ಕಡಬದಲ್ಲಿದ್ದರು, ಮನೆಯಲ್ಲಿ ನಾನೊಬ್ಬಳೇ. ಮಜ್ಜಿಗೆ ಕೊಟ್ಟೆ. ಕುಡಿದು ಮೀಸೆ ಒರಸಿಕೊಂಡು ಕೇಳಿದರು.

"ಅಮ್ಮ, ಸುಳ್ಯದ ದನದ ಡಾಕ್ಟ್ರ ಹೆಂಡತಿ ನಿಮಗೆ ಎಂತ ಆಗ್ಬೇಕು?"

"ಮಗಳು."

"ಮಗಳು ಅಂದ್ರೆ? ಸಾಕಿದ್ದಾ?"

"ಸಾಕಿದ್ದು ಗೀಕಿದ್ದು ಇಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು."

"ಹುಟ್ಟಿದ್ದು ಎಲ್ಲಿ?"

"ಮತ್ತೆಲ್ಲಿ ಹುಟ್ಟುದು? ಇದೇ ಮನೆಯಲ್ಲಿ."

ಅವರು ಗೋಡೆಯ ಮೇಲಿದ್ದ ನನ್ನ ಗಂಡುಮಕ್ಕಳ ಫೋಟೋ ನೋಡಿದರು. ಮೂವರೂ ಅಪ್ಪನ ಹಾಗೆ ಕಪ್ಪು, ದೊಡ್ಡ ಕಣ್ಣು, ಗುಂಗುರು ಕೂದಲು.

"ಮುಖ ಸ್ವಲ್ಪ ಬೇರೆ ಉಂಟಲ್ಲ ಅಮ್ಮ ಅವರದ್ದು?"

"ಅವಳು ಅಜ್ಜಿಯ ಹಾಗೆ," ಎಂದೆ. "ಅಜ್ಜಿ ಹಾಗೆಯೇ ಇದ್ದದ್ದು."

ಅವರು ತಲೆ ಅಲ್ಲಾಡಿಸಿ ಬರೆದುಕೊಂಡು ಹೋದರು. ಆ ದಿನ ನನಗೆ ಎಷ್ಟು ಸಮಾಧಾನ. ದೀಪದ ಮುಂದೆ ಕೊಟ್ಟ ಮಾತು ಉಳಿಸಿಕೊಂಡೆ, ಪೊಲೀಸಿನವರು ಕೇಳಿದಾಗಲೂ ಬಿಡಲಿಲ್ಲ ಎಂದು ಹೆಮ್ಮೆ. ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಇನ್ನು ಅವಳನ್ನು ಯಾರು ಕಳುಹಿಸುತ್ತಾರೆ ಎಂದು ಇವರ ಹತ್ತಿರ ಹೇಳಿಕೊಂಡೆ. ಇವರೂ ಒಳ್ಳೆಯದಾಯ್ತು ಎಂದರು. ನಮ್ಮಿಬ್ಬರ ಬುದ್ಧಿ ಅಷ್ಟೇ.

ಮಳೆಗಾಲಕ್ಕೆ ಮೊದಲು ಅಳಿಯ ಬಂದ. ಜಗಲಿಗೆ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಅತ್ತೆ, ನೀವು ಪೊಲೀಸ್ನವರತ್ರ ಎಂತ ಹೇಳಿದ್ದು?"

"ಎಂತ ಹೇಳುದು? ಮಗಳು ಅಂತ ಹೇಳಿದ್ದು."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಮೆಲ್ಲಗೆ ವಿವರಿಸಿದ. ಅವಳ ಪಾಸ್‌ಪೋರ್ಟಿನಲ್ಲಿ ಹುಟ್ಟಿದ್ದು ರಂಗೂನಿನಲ್ಲಿ ಎಂದಿದೆ. ಪೊಲೀಸರ ವರದಿಯಲ್ಲಿ ಪೆರಾಬೆಯಲ್ಲಿ ಎಂದಿದೆ. ಎರಡರಲ್ಲಿ ಒಂದು ಸುಳ್ಳು. ಚೀನದ ಯುದ್ಧ ಈಗಷ್ಟೇ ಮುಗಿದ ಸಮಯದಲ್ಲಿ ಇಂಥ ಮುಖದವಳು, ಇಬ್ಬರು ತಾಯಂದಿರು, ಎರಡು ಹುಟ್ಟೂರು. ಯಾರು, ಎಲ್ಲಿಂದ ಬಂದವಳು, ಯಾಕೆ ಅಡಗಿಸಿಡುತ್ತಿದ್ದಾರೆ ಎಂದು ಮೇಲಿನವರಿಗೆ ಸಂಶಯ ಹತ್ತಿದೆ. ಪುತ್ತೂರಿನ ಕಚೇರಿಗೆ ನಾವಿಬ್ಬರೂ ಬಂದು ಸರಿಯಾದ ಹೇಳಿಕೆ ಕೊಡಬೇಕು. ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಅವಳನ್ನು ಹಡಗು ಹತ್ತಿಸುತ್ತಾರೆ.

"ಸರಿಯಾದ್ದು ಅಂದ್ರೆ?" ಎಂದು ಇವರು ಕೇಳಿದರು.

"ಅವಳು ನಿಮ್ಮ ಮಗಳಲ್ಲ ಅಂತ."

ಮರುದಿನ ಇವರು ಊರಗೌಡರ ಮನೆಗೆ ಹೋಗಿ ಕೇಳಿದರಂತೆ. ಅವರು ಎಲೆ ಅಗಿಯುತ್ತಾ, "ಕಚೇರಿಯ ಕಟ್ಟಳೆ ನನಗೆ ಗೊತ್ತಿಲ್ಲ, ದೀಪದ ಕಟ್ಟಳೆ ನಿಮಗೆ ಗೊತ್ತುಂಟು," ಎಂದರಂತೆ. ಅಲ್ಲಿಗೆ ಅದು ನಮ್ಮ ತಲೆಗೇ ಬಂತು.

ಪುತ್ತೂರಿಗೆ ಹೋಗುವ ದಿನ ಅವಳೂ ಅಳಿಯನೂ ಸುಳ್ಯದಿಂದ ಬಂದು ಕಚೇರಿಯ ಹತ್ತಿರ ಕಾಯುತ್ತಿದ್ದರು. ಅವಳು ನನ್ನ ಕಾಲು ಹಿಡಿದಳು. ಆಗಲೇ ಅವಳಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. "ಅವ್ವ, ಬಸ್ಸಿನಲ್ಲಿ ವಾಂತಿ ಆಯ್ತಾ?" ಎಂದು ಕೇಳಿದಳು. ಆಗಿತ್ತು. ಲಿಂಬೆಹುಳಿ ತಂದಿದ್ದಳು, ನನಗೆಂದು.

ಒಳಗಿನ ಸಾಹೇಬರು ಮೈಸೂರು ಕಡೆಯವರು. ನನಗೆ ಕುರ್ಚಿ ಹಾಕಿಸಿದರು, ಅದೊಂದು ಉಪಕಾರ. ಹೆಂಗಸು ಎಂದು ನಿಲ್ಲಿಸಲಿಲ್ಲ, ಗದರಿಸಲಿಲ್ಲ. ಮೊದಲು ಇವರನ್ನು ಕೇಳಿದರು.

"ಏನ್ರೀ ಗೌಡ್ರೆ, ಈ ಹುಡುಗಿ ನಿಮ್ಮ ಮಗಳಾ?"

"ಧಾರೆ ಎರೆದದ್ದು ನಾನು ಸ್ವಾಮಿ."

"ಅದಲ್ಲ ಕಣ್ರೀ ನಾನು ಕೇಳಿದ್ದು. ನಿಮ್ಮ ಮಗಳು ಹೌದಾ ಅಲ್ವಾ?"

"ಬಳಿ ಕೊಟ್ಟಿದ್ದೇವೆ ಸ್ವಾಮಿ."

"ಈ ಬಳಿ ಗಿಳಿ ಎಲ್ಲ ನಂಗೆ ಅರ್ಥ ಆಗಲ್ಲ. ನಾನು ಮೇಲಕ್ಕೆ ಏನಂತ ಬರೀಲಿ? ಬಳಿ ಕೊಟ್ರು ಅಂತ ಬರೀಲಾ?"

ಇವರು ನೆಲ ನೋಡುತ್ತಾ ಕೂತರು. ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಮಾತಾಡುವ ಮನುಷ್ಯ. ಸಾಹೇಬರು ನನ್ನ ಕಡೆ ತಿರುಗಿದರು.

"ನೀವು ಹೇಳಿಮ್ಮ. ಇವಳನ್ನ ನೀವು ಹೆತ್ತಿದ್ದಾ?"

ಆ ಪ್ರಶ್ನೆಗೆ 'ಅಲ್ಲ, ಹೆತ್ತದ್ದಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ಅವರು ಕೇಳಿದ್ದು ಅಷ್ಟೇ, ಅದು ಸತ್ಯವೂ ಹೌದು. ಆದರೆ ನನ್ನ ಮೊದಲಿನ ಮಾತಿನಿಂದಲೇ ಇಷ್ಟೆಲ್ಲ ಆಗಿದೆ, ಇನ್ನೊಮ್ಮೆ ನನ್ನಿಂದ ತಪ್ಪಾದರೆ ಹಡಗು ಹತ್ತಿಸುತ್ತಾರೆ ಎಂಬ ಹೆದರಿಕೆಯಲ್ಲಿ ನಾನು ಕೇಳದ್ದನ್ನೂ ಹೇಳಿಬಿಟ್ಟೆ.

"ಅಲ್ಲ ಸ್ವಾಮಿ. ನನ್ನ ಮಗಳಲ್ಲ. ಅವಳು ನಮಗೆ ಎಂತದೂ ಆಗ್ಬೇಕಾಗಿಲ್ಲ."

ಗುಮಾಸ್ತರು ಅದನ್ನು ಹಾಗೆಯೇ ಬರೆದುಕೊಂಡು, ನನಗೆ ಓದಿ ಹೇಳಿದರು. ಬೇರೆಯವರ ಬಾಯಲ್ಲಿ ಕೇಳುವಾಗ ಗೊತ್ತಾಯಿತು, ನಾನು ಏನು ಹೇಳಿದೆ ಎಂದು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಅವಳ ಕೈ ಕಂಡಿತು. ಮದುವೆಯಲ್ಲಿ ನಾನು ಇಡಿಸಿದ ಹಸಿರು ಬಳೆ ಇನ್ನೂ ಹಾಗೆಯೇ ಇತ್ತು. ಸಹಿ ಹಾಕಿದೆ.

ಹೊರಗೆ ಬಂದು ಹೋಟೆಲಿನಲ್ಲಿ ಕಾಫಿ ಕುಡಿದೆವು. ಅಳಿಯ ಖುಷಿಯಲ್ಲಿದ್ದ, ಇನ್ನು ಆಗುತ್ತದೆ ಎಂದ. ಅವಳು ಎಲ್ಲರಿಗಿಂತ ಮೊದಲು ಕುಡಿದು ಮುಗಿಸಿ ಲೋಟವನ್ನು ತಿರುಗಿಸುತ್ತಾ ಕೂತಳು. ಬಸ್ಸು ಬಂದಾಗ ನನಗೆ ಕಿಟಕಿಯ ಹತ್ತಿರದ ಸೀಟು ಹಿಡಿದುಕೊಟ್ಟಳು. ಕಾಲು ಮುಟ್ಟಿ ನಮಸ್ಕರಿಸಿ ಇಳಿದಳು. ಆದರೆ "ಬರ್ತೇನೆ" ಎಂದದ್ದರ ಹಿಂದೆ ಅವ್ವ ಎಂಬ ಮಾತು ಇರಲಿಲ್ಲ. ಇತ್ತೋ ಏನೋ, ಬಸ್ಸಿನ ಸದ್ದಿಗೆ ನನಗೆ ಕೇಳಲಿಲ್ಲವೋ. ಉಪ್ಪಿನಂಗಡಿ ದಾಟಿದ ಮೇಲೆ ಇವರು, "ನೀನು ಹೇಳಿದ್ದಕ್ಕೆ ಆಯ್ತು. ನನ್ನಿಂದ ಆಗ್ತಿರ್ಲಿಲ್ಲ," ಎಂದರು. ಅದು ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಹಾಗೆ ತಾಗಲಿಲ್ಲ.

ಅನುಮತಿ ಬಂತು. ತಡವಾಗಿ ಬಂದರೂ ಬಂತು. ಅವಳು ಇಲ್ಲೇ ಇರಬಹುದು. ನಾನು ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ಸಲ್ಲಿಸಿದೆ. ತೀರ್ಥ ತೆಗೆದುಕೊಳ್ಳುವಾಗ ಮೊದಲ ಸಲ ಆ ಇನ್ನೊಬ್ಬ ತಾಯಿಯ ನೆನಪು ಬಂತು. ರಂಗೂನಿನಲ್ಲಿ ಅವಳೂ ತನ್ನ ದೇವರಿಗೆ ದೀಪ ಹಚ್ಚಿ, ಮಗಳು ಬೇಗ ಬರಲಿ ಎಂದು ಬೇಡಿರಬೇಕಲ್ಲ. ಓದು ಮುಗಿಸಿ ಬರುತ್ತೇನೆ ಎಂದು ಹೋದ ಮಗಳು. ಇಬ್ಬರು ಬೇಡಿದ್ದರಲ್ಲಿ ನನ್ನದು ನಡೆಯಿತು. ಅದುವರೆಗೆ ನನಗೆ ಆ ಹೆಂಗಸು ನೆನಪಾಗದೆ ಇದ್ದದ್ದು ಹೇಗೆ ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಆಷಾಢದ ಹೊತ್ತಿನ ಆಟಿ ತಿಂಗಳು ಬಂತು. ಮದುವೆಯಾದ ಹೆಣ್ಣನ್ನು ಆಟಿಯಲ್ಲಿ ತವರಿಗೆ ಕರೆದುಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ತವರಿನವರು ಹೋಗಿ ಕರೆಯಬೇಕು, ಅವಳಾಗಿ ಬರುವುದಲ್ಲ. ಇವರು ದಿನಾ ನೆನಪಿಸುತ್ತಿದ್ದರು. ನಾನು ಹೊಳೆ ತುಂಬಿದೆ ಎಂದೆ, ಸೊಂಟನೋವು ಎಂದೆ. ಯಾವ ಮುಖ ಹೊತ್ತು ಕರೆಯುವುದು? ಎಂತದೂ ಆಗಬೇಕಾಗಿಲ್ಲ ಎಂದವಳು ಹೋಗಿ ಮಗಳೇ ಬಾ ಎಂದರೆ ಅವಳು ಏನಾದರೂ ಕೇಳಿದರೆ? ಅರ್ಧ ಆಟಿ ಹೀಗೇ ಹೋಯಿತು.

ಒಂದು ದಿನ ಮಳೆಯಲ್ಲಿ ನೆನೆದು ಅವಳೇ ಬಂದಳು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟ್ರಂಕು.

"ಕರೀಲಿಕ್ಕೆ ಬರುದಿಲ್ಲ ಅಂತ ಅತ್ತೆ ಸುಳ್ಯಕ್ಕೆ ಬಂದಾಗೆಲ್ಲ ಚುಚ್ಚುತ್ತಿದ್ರು," ಎಂದಳು ಟ್ರಂಕು ಇಳಿಸುತ್ತಾ. "ನಿನ್ನ ತವರಿನವರಿಗೆ ದಾರಿ ಮರ್ತುಹೋಗಿದೆಯಾ ಅಂತ. ಹಾಗೆ ಬಂದೆ. ಪತ್ರೊಡೆ ಉಂಟಾ?"

ಇರಲಿಲ್ಲ. ಅದೇ ಮಳೆಯಲ್ಲಿ ಹೋಗಿ ಕೆಸುವಿನ ಎಲೆ ಕೊಯ್ದು ತಂದೆ. ಅವಳು ಆಟಿ ಮುಗಿಯುವವರೆಗೂ ಇದ್ದಳು. ನಗುತ್ತಾ ಇದ್ದಳು, ಅವ್ವ ಎಂದೂ ಕರೆದಳು. ಪುತ್ತೂರಿನ ವಿಷಯ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಅದಾದ ಎರಡು ಮೂರು ವರ್ಷದ ಮೇಲೆ ಸುಳ್ಯದಿಂದ ಅಳಿಯ ಹೇಳಿಕಳುಹಿಸಿದ. ಬರ್ಮಾದಿಂದ ಮದ್ರಾಸಿಗೆ ಬಂದಿಳಿದವರು ಯಾರೋ ಸುದ್ದಿ ತಂದಿದ್ದರು. ಅವಳ ತಾಯಿ ತೀರಿಹೋಗಿ ಆಗಲೇ ತಿಂಗಳುಗಳಾಗಿವೆ ಎಂದು. ನಾನು ಹೊರಟು ಹೋದೆ. ಅವಳು ಅಡಿಗೆಮನೆಯಲ್ಲಿ ಎಂದಿನಂತೆ ಕೆಲಸ ಮಾಡುತ್ತಿದ್ದಳು. ಕಣ್ಣು ಒಣಗಿಯೇ ಇತ್ತು. ತಾಯಿಗೆ ಕಾಯಿಲೆ ಎಂಬ ಸುದ್ದಿ ಮೊದಲೇ ಬಂದಿತ್ತಂತೆ. ಹೋಗಬಹುದಿತ್ತು. ಹೋದರೆ ತಿರುಗಿ ಬರಲು ಬಿಡುತ್ತಾರೋ ಇಲ್ಲವೋ ಎಂದು ಹೋಗಲಿಲ್ಲ. ಇಲ್ಲಿ ಗಂಡ, ಸಣ್ಣ ಮಗು. ನನಗೆ ಅದನ್ನು ಅವಳು ಹೇಳಿರಲೇ ಇಲ್ಲ.

ಮಾತಾಡಿಸಲು ಕೊಲ್ಲಮೊಗ್ರಿನಿಂದ ಅವಳ ಅತ್ತೆ ಮಾವ ಬಂದಿದ್ದರು, ಬಳಿ ಕೊಡಿಸಿದ ನಮ್ಮ ಊರಗೌಡರೂ ಬಂದಿದ್ದರು. ಸೂತಕದ ಮಾತು ಬಂತು. ಮದುವೆಯಾದ ಹೆಣ್ಣಿಗೂ ತವರಿನ ಸೂತಕ ಕೆಲವು ದಿನ ಇದೆ. ಊರಗೌಡರು ಬೇಡ ಎಂದರು.

"ಅವಳ ತಾಯಿ ಇರುದು ಪೆರಾಬೆಯಲ್ಲಿ. ಇಕೊಳ್ಳಿ, ಇಲ್ಲೇ ಕೂತಿದ್ದಾಳೆ ಗಟ್ಟಿಮುಟ್ಟಾಗಿ. ತಾಯಿ ಬದುಕಿರುವಾಗ ಸೂತಕ ಎಂತದ್ದು?"

ಅವರು ಹೇಳಿದ್ದು ಕಟ್ಟಳೆಯ ಪ್ರಕಾರ ಸರಿ. ಬಾಗಿಲ ಹತ್ತಿರ ಅವಳು ನಿಂತಿದ್ದಳು. ನಾನು ಬದುಕಿರುವುದರಿಂದ ಅವಳಿಗೆ ಹೆತ್ತವಳಿಗಾಗಿ ಅಳುವುದಕ್ಕೂ ಇಲ್ಲ ಎಂದಾಯಿತು.

ಗಂಡಸರ ಮಾತಿನ ನಡುವೆ ನಾನು ಬಾಯಿ ಹಾಕಿದವಳಲ್ಲ. ಆ ದಿನ ಹಾಕಿದೆ.

"ಪುತ್ತೂರಿನಲ್ಲಿ ನಾನು ಬಾಯಿಬಿಟ್ಟು ಹೇಳಿದ್ದೇನೆ ಗೌಡ್ರೆ, ಅವಳು ನನ್ನ ಮಗಳಲ್ಲ, ಎಂತದೂ ಆಗ್ಬೇಕಾಗಿಲ್ಲ ಅಂತ. ಸರಕಾರದಲ್ಲಿ ಬರೆದುಂಟು. ಆ ಪಾಪ ಹೇಗೂ ನನ್ನ ಮೇಲೆ ಉಂಟು. ಹೆತ್ತವಳಿಗೆ ಅವಳು ಸೂತಕ ಹಿಡೀಲಿ."

ಊರಗೌಡರು ನನ್ನನ್ನು ನೋಡಿದರು. "ಹಾಗಾದ್ರೆ ಬಳಿ?"

"ಅದು ನೀವು ದೇವರತ್ರ ಕೇಳಿ ಹೇಳಿ. ನನಗೆ ಗೊತ್ತಿಲ್ಲ."

ಅವರು ಎದ್ದು ಹೋದರು. ಕೊಟ್ಟ ಬಳಿ ಹೋಯಿತೆಂದು ಅವರು ಆಮೇಲೂ ಯಾವತ್ತೂ ಹೇಳಲಿಲ್ಲ. ಅದು ಅವರ ದೊಡ್ಡತನ.

ಅವಳು ಮಿಂದು ಬಂದು ಹಿಂದಿನ ಜಗಲಿಯಲ್ಲಿ ಕೂತಳು. ನಾನು ಅಲ್ಲೇ ಉಳಿದೆ. ನಿಮ್ಮಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ಸತ್ತವರ ಹೆಸರಿನಲ್ಲಿ ಸನ್ಯಾಸಿಗಳಿಗೆ ಊಟ ಹಾಕುತ್ತಾರಂತೆ. ಇಲ್ಲಿ ಆ ಸನ್ಯಾಸಿಗಳನ್ನು ಎಲ್ಲಿಂದ ತರುವುದು? ಅನ್ನ, ಸಾರು, ಒಂದು ಪಲ್ಯ ಮಾಡಿ ಇಟ್ಟೆ. ಸೂತಕದ ಮನೆಯಲ್ಲಿ ಹೊರಗಿನವರು ಉಣ್ಣುವುದಿಲ್ಲ. ಬಿಸಿ ಆರುತ್ತಿತ್ತು.

ಅಷ್ಟರಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಮಾರುವ ಬ್ಯಾರಿ ಮುದುಕರೊಬ್ಬರು, ನಮ್ಮ ಕಡೆಯ ಮುಸಲ್ಮಾನರು, ಬಂದರು. ಆ ಬೀದಿಗೆ ವಾಡಿಕೆಯವರು. ಇವತ್ತು ಬಟ್ಟೆ ಬೇಡ, ಊಟ ಮಾಡಿ ಹೋಗಬಹುದಾ, ಸೂತಕ ಉಂಟು ಎಂದೆ.

"ಹಸಿವಿಗೆ ಎಂತ ಸೂತಕ ಅಮ್ಮ," ಎಂದು ಗಂಟು ಇಳಿಸಿದರು. "ಯಾರು ಹೋದದ್ದು?"

"ಇವಳ ತಾಯಿ. ಬರ್ಮಾದಲ್ಲಿ."

ಅವರು ಕೈತೊಳೆದು ಕೂತರು. ಅವಳೇ ಬಡಿಸಿದಳು. ಉಂಡು ಮುಗಿಸಿ, ಎರಡೂ ಕೈ ಮುಖದ ಮುಂದೆ ಹಿಡಿದು ತಮ್ಮ ಕ್ರಮದಲ್ಲಿ ಏನೋ ಹೇಳಿಕೊಂಡು, ಕೈಯಿಂದ ಮುಖ ಸವರಿಕೊಂಡರು. ಅವಳಿಗೆ ಆಗ ಅಳು ಬಂತು. ಸೌಟು ಹಿಡಿದುಕೊಂಡೇ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಅದು ನನ್ನ ಜಾಗ ಅಲ್ಲ ಎನಿಸಿತು.

ಎಲೆ ತೆಗೆದು ನೆಲ ಸಾರಿಸುವಾಗ ಅವಳು ಕೇಳಿದಳು: "ನಾಳೆಯೂ ಯಾರಾದ್ರೂ ಬರ್ಬಹುದಾ ಅವ್ವ?"

"ಬರದಿದ್ರೆ ನಾನು ಕರೀತೇನೆ," ಎಂದೆ.

ಸೂತಕ ಮುಗಿಯುವವರೆಗೆ ದಿನಾ ಮಧ್ಯಾಹ್ನ ಸುಳ್ಯದ ಆ ರಸ್ತೆಯ ಬದಿಯಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆದೆ. ಕೆಲವರು ಸೂತಕವೆಂದು ಕೇಳಿ ಮುಖ ತಿರುಗಿಸಿ ಹೋದರು. ಇದ್ಯಾರು ತಲೆಕೆಟ್ಟ ಹೆಂಗಸು ಎಂದವರೂ ಉಂಟು. ಆದರೆ ಒಂದು ದಿನವೂ ಯಾರೂ ಸಿಗದೆ ನಾನು ಒಬ್ಬಳೇ ತಿರುಗಿ ಬಂದದ್ದಿಲ್ಲ. ಯಾರಿಗಾಗಿ ಎಂದು ಕೇಳಿದವರಿಗೆಲ್ಲ, ನನ್ನ ಮಗಳ ತಾಯಿಗೆ ಎಂದು ಹೇಳಿದೆ.